ಒಂದು ಹನಿ ಕೇಳುವ ಲಿಫ್ಟು

ಊರಿನ ಎಲ್ಲ ಲಿಫ್ಟುಗಳಂತೆ ಈ ಕಟ್ಟಡದ್ದೂ ಮೊದಲು ಬೆರಳಿನಿಂದ ಒಂದು ಹನಿ ರಕ್ತ ಕೇಳುತ್ತಿತ್ತು. ಹೃದಯ ಸೋಲತೊಡಗಿದಾಗ ರಕ್ತಕ್ಕೆ ಬಿಡುವ ಪ್ರೋಟೀನು ಅದರಲ್ಲಿ ಸಿಕ್ಕರೆ ಮಾತ್ರ ಬಾಗಿಲು ತೆರೆದು, ಆ ಹೃದ್ರೋಗಿಯೊಬ್ಬರನ್ನೇ ಮೇಲಕ್ಕೆ ಒಯ್ಯುತ್ತಿತ್ತು. ಬರೀ ಏದುಸಿರಿನವರಿಗೆ ಮೆಟ್ಟಿಲೇ ಗತಿ.

ಅತ್ತೆ ಪುಟ್ಟಗೌರಮ್ಮ ಏದುಸಿರು ಬಿಡುತ್ತ ಮೂರನೇ ಸಲ ಬೆರಳಿಟ್ಟರು. ಬಾಗಿಲು ಮಿಸುಕಲಿಲ್ಲ.

"ಸಾಕು ನಿಮ್ಮ ನಾಟಕ, ನಡೀರಿ," ಎಂದು ಸೊಸೆ ಹೇಮಾ ಚಡಪಡಿಸಿದಳು. ಅವಳಿಗೂ ಉಸಿರು ಕಟ್ಟುತ್ತಿತ್ತು. ಕೈಲಿದ್ದ ಅಕ್ಕಿಚೀಲದ ಭಾರಕ್ಕೆ ಅಂದುಕೊಂಡಿದ್ದಳು.

"ಮಿಷನ್ ಕೆಟ್ಟಿದೆ ಕಣೇ."

"ಕೆಟ್ಟಿದ್ರೆ ಗಟ್ಟಿಯಾಗಿರೋ ನನಗೂ ತೆರೀಬೇಕಲ್ಲ, ನೋಡಿ!" ಹೇಮಾ ಸಿಡುಕಿ ಬೆರಳೊತ್ತಿದಳು.

ಬಾಗಿಲು ತೆರೆಯಿತು.

"ಮಿಷನ್ ಕೆಟ್ಟಿದೆ, ಅತ್ತೆ," ಎಂದಳು ಹೇಮಾ, ಮೆಲ್ಲಗೆ.

ಪುಟ್ಟಗೌರಮ್ಮ ಅವಳ ಕೈಯಿಂದ ಅಕ್ಕಿಚೀಲ ಕಿತ್ತುಕೊಂಡು ಮೆಟ್ಟಿಲು ಹತ್ತತೊಡಗಿದರು.