ಎಲ್ಡನ್‌ನ ಕಾಲ್ಗುಣ

ಗಾರ್ಲ್ಯಾಂಡ್‌ನ ಫೋನು ಬಡಿದುಕೊಂಡ ಕೂಡಲೇ ಸ್ಟಾಶ್ ಟಿವಿಯ ಸದ್ದಡಗಿಸಿದ. ಬಾರಿನಲ್ಲಿದ್ದವರೆಲ್ಲ ಗಪ್‌ಚಿಪ್ಪಾದರು.

"ಅವನೇನಾ?" ಬಾರಿನ ಒಡತಿ ರಾಂಡಾ ಪಿಸುಗುಟ್ಟಿದಳು.

ಗಾರ್ಲ್ಯಾಂಡ್ ತಲೆಯಾಡಿಸಿ ಫೋನನ್ನು ಕಿವಿಗೆ ಹಿಡಿದ.

"ನಾನು ಎಲ್ಡನ್ ಕಣೋ. ಮ್ಯಾಚ್ ನೋಡೋಕೆ ಬಾರಿಗೆ ಹೋಗ್ತಾ ನನ್ನನ್ನೂ ಹತ್ತಿಸ್ಕೊಂಡು ಹೋಗ್ತೀಯಾ?"

"ಆಗಲ್ಲ ಮಾರಾಯ. ಗಾಡಿ ಇನ್ನೂ ಗ್ಯಾರೇಜಲ್ಲೇ ಬಿದ್ದಿದೆ."

"ಹೌದಾ? ಹೋಗ್ಲಿ ಬಿಡು. ರೇಡಿಯೋ ಇದೆಯಲ್ಲ."

ಫೋನು ಕಟ್ಟಾಯಿತು. ಗಾರ್ಲ್ಯಾಂಡ್‌ನ ಗಾಡಿ ಬಾರಿನ ಬಾಗಿಲ ಎದುರೇ ನಿಂತಿತ್ತು. ಸ್ಟಾಶ್ ಮತ್ತೆ ಸದ್ದು ಏರಿಸಿದ. ಎಲ್ಲರೂ ನಿಲ್ಲಿಸಿದ್ದ ಜಗಳವನ್ನು ನಿಲ್ಲಿಸಿದಲ್ಲಿಂದಲೇ ಎತ್ತಿಕೊಂಡರು.

ಜಗಳ ಬಾಸ್ಕಮ್‌ನ ಬಗ್ಗೆ. ಈರಿ ಸರೋವರದ ದಂಡೆಯ ಆ ಊರಿನಲ್ಲಿ ಈಗ ಬೇರೆ ಮಾತೇ ಇರಲಿಲ್ಲ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಲೇಕ್‌ಮೆನ್. ಚೆಂಡೆಸೆದು ಆಟ ನಡೆಸುವ ಅದರ ಹಳೆಯ ಕ್ವಾರ್ಟರ್‌ಬ್ಯಾಕ್ ಭುಜ ಮುರಿದುಕೊಂಡ ಮೇಲೆ, ಬೇರೆ ಗತಿಯಿಲ್ಲದೆ ಇವನನ್ನು ಇಳಿಸಿದ್ದರು. ಆಳು ಗಿಡ್ಡ, ಸಾಲದ್ದಕ್ಕೆ ಬೊಜ್ಜು. ಕ್ವಾರ್ಟರ್‌ಬ್ಯಾಕ್ ಆದವನು ನೆಟ್ಟಗೆ ನಿಂತು ಭುಜದ ಮೇಲಿಂದ ಚೆಂಡೆಸೆಯಬೇಕು. ಬಾಸ್ಕಮ್ ಓಡುತ್ತಲೇ, ಸೊಂಟದ ಪಕ್ಕದಿಂದ, ಮಕ್ಕಳು ಕೆರೆಗೆ ಕಲ್ಲು ಬೀಸುವ ಹಾಗೆ ಬೀಸುತ್ತಿದ್ದ. ಆದರೂ ಭಾನುವಾರದ ಮೇಲೆ ಭಾನುವಾರ ಗೆಲ್ಲುತ್ತಿದ್ದ.

"ಅದು ಎಸೆತವೇನ್ರೋ? ನಮ್ಮಜ್ಜಿ ಪಾತ್ರೆ ತೊಳೆದ ನೀರನ್ನ ಇದಕ್ಕಿಂತ ನೆಟ್ಟಗೆ ಚೆಲ್ತಿದ್ಲು," ಎಂದ ಗಾರ್ಲ್ಯಾಂಡ್.

"ಎದುರಿನವರಿಗೆ ಚೆಂಡು ಎಲ್ಲಿಂದ ಬರುತ್ತೆ ಅಂತ್ಲೇ ತಿಳಿಯಲ್ಲ. ಅದೇ ಅವನ ಗುಟ್ಟು," ಎಂದಳು ರಾಂಡಾ.

"ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಗುಟ್ಟು ಅಲ್ಲಿದೆ ನೋಡಿ," ಎಂದು ಸ್ಟಾಶ್ ಟಿವಿಯ ಎದುರಿಗಿದ್ದ ಖಾಲಿ ಕುರ್ಚಿಯತ್ತ ಬೆರಳು ಮಾಡಿದ.

ಅದು ಎಲ್ಡನ್‌ನ ಕುರ್ಚಿ. ಮೊದಲ ಗೆಲುವಿನ ದಿನ ಗಾರ್ಲ್ಯಾಂಡ್‌ನ ಗಾಡಿ ನಿಜಕ್ಕೂ ಕೆಟ್ಟಿತ್ತು, ಎಲ್ಡನ್ ಮನೆಯಲ್ಲೇ ಉಳಿದಿದ್ದ. ಮುಂದಿನ ವಾರ ಅವನಿಗೆ ಜ್ವರ. ಆಗಲೂ ಗೆಲುವೇ. ಆಮೇಲೆ ಸ್ಟಾಶ್ ಗಾರ್ಲ್ಯಾಂಡ್‌ನನ್ನು ಮೂಲೆಗೆ ಕರೆದು, "ಅವನ ಕಾಲ್ಗುಣ ಸರಿಯಿಲ್ಲ ಕಣೋ. ಇನ್ಮೇಲೆ ಅವನನ್ನ ಕರ್ಕೊಂಡು ಬರಬೇಡ," ಎಂದಿದ್ದ. ಗಾರ್ಲ್ಯಾಂಡ್ ಕೋಳಿಯ ರೆಕ್ಕೆ ಕಡಿಯುತ್ತಿದ್ದ. ಬಾಯಲ್ಲಿದ್ದದ್ದನ್ನು ನುಂಗುವ ಮೊದಲೇ ಹೂಂ ಎಂದು ತಲೆಯಾಡಿಸಿದ್ದ.

ಗೆಲುವಿನ ಓಟ ಶುರುವಾದರೆ ಅಲ್ಲಿ ಯಾರೂ ಏನನ್ನೂ ಬದಲಿಸುವ ಹಾಗಿಲ್ಲ. ಸ್ಟಾಶ್ ತನ್ನ ತಂಡದ ಅಂಗಿ ಒಗೆಯುವುದನ್ನೇ ಬಿಟ್ಟಿದ್ದ, ಅವನ ಪಕ್ಕ ಕೂರುವವರು ಮೂಗು ಮುಚ್ಚಿಕೊಂಡು ಸಹಿಸುತ್ತಿದ್ದರು. ಎಲ್ಡನ್‌ನ ವಿಷಯವೂ ಹಾಗೇ ಎಂದುಕೊಂಡರೆ ಮುಗಿಯಿತಲ್ಲ? ಗಾರ್ಲ್ಯಾಂಡ್‌ಗೆ ಮುಗಿಯುತ್ತಿರಲಿಲ್ಲ. ಕಣ್ಣು ಮಂಜಾದ ಮೇಲೆ ಎಲ್ಡನ್ ಗಾಡಿ ಓಡಿಸುವುದನ್ನು ಬಿಟ್ಟಿದ್ದ. ಮನೆಯ ಪುಟ್ಟ ಟಿವಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಬರೀ ಬೆಳಕು. ಬಾರಿನ ದೊಡ್ಡ ಪರದೆಯ ಮುಂದೆ ಕೂತರೆ ಮಾತ್ರ ಆಟ ಕಾಣುತ್ತಿತ್ತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ವಾರವೂ ಆ ಕುರ್ಚಿಯಲ್ಲಿ ಕೂತು ತಂಡ ಸೋಲುವುದನ್ನು ನೋಡಿದ್ದ ಮನುಷ್ಯ. ಈಗ ಗೆಲ್ಲುವಾಗ ಒಂದು ಎಸೆತವನ್ನೂ ನೋಡಿರಲಿಲ್ಲ.

ಆದರೂ ಭಾನುವಾರ ತಪ್ಪದೆ ಫೋನು. ಒಮ್ಮೆಯೂ ಸಿಟ್ಟಿಲ್ಲ, ಬೇರೆ ಯಾರನ್ನಾದರೂ ಕಳಿಸು ಎಂಬ ಮಾತಿಲ್ಲ. ಒಂದು ವಾರ ಗಾರ್ಲ್ಯಾಂಡ್ ನಾಲಿಗೆ ಹೊರಳದೆ ತಡವರಿಸಿದಾಗ ಎಲ್ಡನ್ನೇ, "ಗಾಡಿ ರಿಪೇರಿ ಆಗಿಲ್ವೇನೋ, ಅಲ್ವಾ?" ಎಂದು ಮುಗಿಸಿಕೊಟ್ಟಿದ್ದ. ಸುಳ್ಳನ್ನೂ ಅವನೇ ಹುಡುಕಿಕೊಡಬೇಕೇ? ಆ ರಾತ್ರಿ ಗಾರ್ಲ್ಯಾಂಡ್‌ಗೆ ಕನ್ನಡಿ ನೋಡಲೂ ನಾಚಿಕೆಯಾಯಿತು.

ಪಂದ್ಯಗಳ ಋತುವಿನ ಕೊನೆಯ ಭಾನುವಾರ ಬಂತು. ಗೆದ್ದರೆ ಲೇಕ್‌ಮೆನ್ ಮುಂದಿನ ಸುತ್ತಿಗೆ, ಸೋತರೆ ಮನೆಗೆ. ಗಾರ್ಲ್ಯಾಂಡ್ ಬಾರಿನ ದಾರಿ ಹಿಡಿದವನು ಅರ್ಧಕ್ಕೆ ಗಾಡಿ ತಿರುಗಿಸಿ ಎಲ್ಡನ್‌ನ ಮನೆಯ ಮುಂದೆ ನಿಲ್ಲಿಸಿದ.

ಬಾಗಿಲು ತೆರೆದ ಎಲ್ಡನ್‌ನ ಕೈಯಲ್ಲಿ ಫೋನಿತ್ತು. ಗಾರ್ಲ್ಯಾಂಡ್‌ನನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ನೀನ್ಯಾಕೋ ಬಂದೆ?"

"ಗಾಡಿ ಕೆಟ್ಟಿರಲಿಲ್ಲ ಎಲ್ಡನ್. ಮೊದಲನೇ ವಾರ ಬಿಟ್ರೆ ಎಲ್ಲಾ ಸುಳ್ಳು. ನಿನ್ನ ಕಾಲ್ಗುಣ ಸರಿಯಿಲ್ಲ ಅಂತ ಬಾರಲ್ಲಿ ಮಾತಾಯ್ತು, ನಾನೂ ಹೂಂ ಅಂದೆ." ಅವನ ಕಿವಿ ಬಿಸಿಯಾಗಿತ್ತು. "ಉಗಿಯೋದಿದ್ರೆ ದಾರೀಲಿ ಉಗಿ. ಟೋಪಿ ಹಾಕ್ಕೋ, ಹೋಗೋಣ."

"ಥೂ ನಿನ್ನ! ಇನ್ನೊಂಚೂರಲ್ಲಿ ಎಲ್ಲಾ ಕೆಡಿಸಿಬಿಡ್ತಿದ್ದೆಯಲ್ಲೋ!" ಎಲ್ಡನ್ ಬಾಗಿಲಿಗೆ ಅಡ್ಡ ನಿಂತ. "ಆ ಮಾತನ್ನ ಸ್ಟಾಶ್‌ಗೆ ಹೇಳಿಕೊಟ್ಟೋನೇ ನಾನು."

"ನೀನಾ?" ಎಂದ ಗಾರ್ಲ್ಯಾಂಡ್.

"ಜ್ವರದಲ್ಲಿ ಮಲಗಿದ್ದಾಗ ಹೊಳೀತು. ಇಷ್ಟು ವರ್ಷ ಕೂಗಿ ಗಂಟಲು ಹರ್ಕೊಂಡೆ, ಏನು ಬಂತು? ನಾನು ಮನೇಲಿ ಕೂತ್ರೆ ಗೆಲ್ತಾರೆ ಅಂದ್ರೆ ಕೂತೇಬಿಡೋಣ ಅಂತ."

"ಮತ್ತೆ ಪ್ರತಿ ವಾರ ಫೋನ್ ಮಾಡ್ತಿದ್ದೆ?"

"ಎಲ್ಲಿ ನಿನ್ನ ಮನಸ್ಸು ಕರಗಿ ಹೀಗೆ ಬಂದುಬಿಡ್ತೀಯೋ ಅಂತ ಹೆದರಿಕೆ. ಬರಲ್ಲ ಅಂತ ಖಾತ್ರಿ ಮಾಡ್ಕೋತಿದ್ದೆ."

ಗಾರ್ಲ್ಯಾಂಡ್‌ಗೆ ನಗು ಉಕ್ಕಿ ಬಂತು. ತಿಂಗಳುಗಳ ಭಾರ ಒಮ್ಮೆಲೇ ಇಳಿದಂತಾಗಿ ಬಾಗಿಲ ಚೌಕಟ್ಟಿಗೆ ಒರಗಿ ನಕ್ಕ. ಎಲ್ಡನ್ನೂ ನಕ್ಕು, ಅಭಿಮಾನದಿಂದ ಅವನ ಬೆನ್ನು ತಟ್ಟಿದ.

"ನನಗಿದ್ದ ಚಿಂತೆ ನಿಂದೊಂದೇ ಕಣೋ. 'ಬೇರೆ ಯಾರು ಬೇಕಾದ್ರೂ ಒಪ್ತಾರೆ, ಗಾರ್ಲ್ಯಾಂಡ್ ಮಾತ್ರ ನನ್ನ ಪರವಾಗಿ ಜಗಳಕ್ಕೇ ನಿಲ್ತಾನೆ, ನಿಧಾನಕ್ಕೆ ಒಪ್ಸು' ಅಂತ ಸ್ಟಾಶ್‌ಗೆ ಹೇಳಿದ್ದೆ. ಅವನನ್ನ ಎಷ್ಟು ಸಲ ಕೇಳಿದ್ರೂ ಮಾತು ಹಾರಿಸ್ತಾನೆ, ನೀನಾದ್ರೂ ಹೇಳು. ನಿನ್ನ ಒಪ್ಸೋಕೆ ಪಾಪ ಅವನಿಗೆ ಎಷ್ಟು ಹೊತ್ತು ಹಿಡೀತು?"