ಎಳ್ಳಿನ ತಟ್ಟೆ

ವಾರಿಜಳ ಫ್ಲಾಟಿನಲ್ಲಿ ಅಮ್ಮನಿಗೆ ಬಚ್ಚಲುಮನೆಯ ದಾರಿಯೂ ನೆನಪಿರುತ್ತಿರಲಿಲ್ಲ. ಆದರೆ ಕಣ್ಣು ತಪ್ಪಿಸಿ ಹೊರಬಿದ್ದಳೆಂದರೆ, ಮೂರು ಬೀದಿ ದಾಟಿ ನೇರವಾಗಿ ಕಿರಿಯ ಮಗಳ ಮನೆ ಮುಟ್ಟುತ್ತಿದ್ದಳು.

“ಅಲ್ಜೈಮರ್ ಕಾಯಿಲೇಲಿ ಮೆದುಳು ಹೊಸ ದಾರಿ ಕಲಿಯೋಲ್ಲಮ್ಮ. ನಿಮ್ಮ ತಂಗಿ ಇರೋದು ಅಮ್ಮ ಮೊದಲಿದ್ದ ಹಳೇ ಮನೇಲಿ ತಾನೆ? ಆ ದಾರಿ ಇನ್ನೂ ಅಳಿಸಿಲ್ಲ, ಅಷ್ಟೆ” ಎಂದಿದ್ದರು ಡಾಕ್ಟರು.

ವಾರಿಜ ನಂಬಲಿಲ್ಲ. ಉಣ್ಣಿಸಿ, ಮೀಯಿಸಿ ನೋಡಿಕೊಳ್ಳುತ್ತಿರುವವಳು ತಾನು. ಅಮ್ಮನ ಕಾಲು ಎಳೆಯುವುದು ಮಾತ್ರ ಆ ಮುದ್ದಿನ ಮಗಳ ಕಡೆಗೆ!

ಸಂಕ್ರಾಂತಿಯ ಸಂಜೆ ಅಮ್ಮ ಮತ್ತೆ ಮಾಯ. ಎಳ್ಳು ಬೀರಲು ಜೋಡಿಸಿಟ್ಟಿದ್ದ ತಟ್ಟೆಯೂ ಮಾಯ. ವಾರಿಜಳಿಗೆ ಹೊಟ್ಟೆ ಉರಿದುಹೋಯಿತು. ಕೊಬ್ಬರಿ, ಬೆಲ್ಲ ಹೆಚ್ಚಿ ಹೆಚ್ಚಿ ಬೊಬ್ಬೆ ಎದ್ದಿದ್ದು ತನ್ನ ಬೆರಳಲ್ಲಿ. ಮೊದಲ ಎಳ್ಳು ಅವಳಿಗಾ?

ಬಿರಬಿರನೆ ನಡೆದು ತಂಗಿಯ ಗೇಟು ತಲುಪಿದಳು. ಅಮ್ಮ ತಟ್ಟೆಯನ್ನು ಎದೆಗವಚಿಕೊಂಡು ಹೊಸ್ತಿಲಾಚೆಯೇ ನಿಂತಿದ್ದಳು.

“ಒಳಗೆ ಬಾಮ್ಮ, ಎಳ್ಳು ಕೊಡು” ಎನ್ನುತ್ತಿದ್ದಳು ತಂಗಿ. “ಯಾವಾಗ ಬಂದ್ರೂ ಹೀಗೆ ಹೊರಗೇ ನಿಂತ್ಕೋತೀಯಲ್ಲ!”

ವಾರಿಜಳಿಗೆ ತಡೆಯಲಾಗಲಿಲ್ಲ. “ಕೊಡಮ್ಮ, ಕೊಡು. ಅವಳಿಗೇ ತಾನೆ ಹೊತ್ಕೊಂಡು ಬಂದಿದ್ದು?”

ಅಮ್ಮ ತಿರುಗಿ, ಗುರುತು ಹತ್ತದ ಕಣ್ಣುಗಳಿಂದ ಅವಳನ್ನು ನೋಡಿದಳು.

“ಇವಳಿಗಲ್ಲಮ್ಮ, ನನ್ನ ದೊಡ್ಡ ಮಗಳಿಗೆ. ಬಂದಾಗೆಲ್ಲ ಕೇಳ್ತೀನಿ, ಇವಳು ಹೊಟ್ಟೆಕಿಚ್ಚಿಗೆ ಹೇಳೋದೇ ಇಲ್ಲ. ನೀನಾದ್ರೂ ಹೇಳು ತಾಯಿ, ನಮ್ಮ ವಾರಿಜನ ಮನೆಗೆ ಯಾವ ಕಡೆ ಹೋಗ್ಬೇಕು?”