ಆಡಳಿತಶಾಸ್ತ್ರ ಮುಚ್ಚಿದ ದಿನ

ಕೋರ್ಸು ಮುಚ್ಚಿದರೆ ಅದನ್ನು ಓದಿದವರೆಲ್ಲರ ತಲೆಯಿಂದ ಆ ವಿದ್ಯೆ ತಕ್ಷಣ ಅಳಿಸಿಹೋಗುತ್ತದೆ. ಹಾಗೆ ಮುಚ್ಚುವ ಆದೇಶಕ್ಕೆ ಸೀಲು ಒತ್ತುವ ವಿಶ್ವವಿದ್ಯಾಲಯದ ಗುಮಾಸ್ತೆ ನಾನು. ಹೋದ ವರ್ಷ ಪರಿಶೀಲನಾ ಸಮಿತಿಯ ಮಹಾಶಯರು ಭೂವಿಜ್ಞಾನ ಮುಚ್ಚಿದಾಗ, ಅದನ್ನೇ ಓದಿ ಮೂವತ್ತು ವರ್ಷ ಕಲ್ಲುಗಳನ್ನು ಕೂಡಿಟ್ಟಿದ್ದ ನನ್ನ ಗಂಡ "ಇದೇನೇ, ಬರೀ ಕಲ್ಲು!" ಎಂದು ಪೆಟ್ಟಿಗೆಯನ್ನೇ ಚರಂಡಿಗೆ ಸುರಿದರು.

ಇವತ್ತು ಅದೇ ಸಮಿತಿಯ ಐವರು ವಡೆ ತಿನ್ನುತ್ತಾ, ಸೇರುವವರೇ ಇಲ್ಲವೆಂದು ಆಡಳಿತಶಾಸ್ತ್ರದ ಎಂ.ಎ. ಮುಚ್ಚಿದರು. ಐವರೂ ಓದಿದ್ದು ಅದನ್ನೇ.

"ಸರ್, ನಿಮ್ಮ ತಲೆಯಿಂದಲೂ ಹೋಗುತ್ತೆ," ಎಂದೆ.

"ಒತ್ತಮ್ಮ, ಕಾಫಿ ಆರ್ತಾ ಇದೆ," ಎಂದರು ಅಧ್ಯಕ್ಷ ಗುರುಬಸಪ್ಪ.

ಒತ್ತಿದೆ. ಐವರ ಮುಖವನ್ನೂ ನೋಡಿದೆ. ಗುರುಬಸಪ್ಪ ಎಂದಿನಂತೆ ಇನ್ನೊಂದು ಕಡತಕ್ಕೆ ಓದದೆಯೇ ಸಹಿ ಹಾಕಿ, "ಮುಂದಿನದು?" ಎಂದರು. ಉಳಿದವರು ಇನ್ನೊಂದೊಂದು ವಡೆ ಎತ್ತಿಕೊಂಡರು.

ನಡವಳಿಯ 'ಅಳಿದ ವಿದ್ಯೆ' ಎಂಬ ಕಾಲಂನಲ್ಲಿ 'ಏನೂ ಇಲ್ಲ' ಎಂದು ಬರೆದೆ.